ಡಿಸ್ಕ್ ನಿಂತ ಜಾಗ

ಕುಮಾಸಿ ನಗರದ ಬಸ್ ನಿಲ್ದಾಣದ ಸಾಲಿನಲ್ಲಿದ್ದ ಕ್ವಾಜೊಗೆ ಸಿನಿಮಾ ಡೈಲಾಗ್ ಅಂದರೆ ಪ್ರಾಣ. ಮುಂದೆ ನಿಂತಿದ್ದ ವಿಧವೆ ಅಫುವಾ, ತನ್ನ ಗಂಡನ ಶವಸಂಸ್ಕಾರದ ವಿಡಿಯೊ ತೆಗೆದಿದ್ದ ಒಪೊಕುವನ್ನು ತರಾಟೆಗೆ ತೆಗೆದುಕೊಂಡಾಗ, ಪುಕ್ಕಟೆ ಸಿನಿಮಾ ಸಿಕ್ಕಿತೆಂದು ಅವನು ಕಿವಿ ನಿಮಿರಿಸಿದ.

“ನಿನ್ನ ಡಿವಿಡಿ ನಿಂತೋಗುತ್ತೆ ಕಣಪ್ಪ.”

“ಎಲ್ಲಿ ನಿಲ್ಲುತ್ತಮ್ಮಾ?”

“ನಾನು ಹೆಣದ ಮುಂದೆ ನಿಂತು ಹಾಡೋಕೆ ಬಾಯಿ ತೆಗೀತೀನಿ, ಗಡಕ್ ಅಂತ ನಿಲ್ಲುತ್ತೆ. ಆಮೇಲೆ ನೋಡಿದ್ರೆ ಊಟ ಬಡಿಸ್ತಿರ್ತಾರೆ.”

“ಪ್ಲೇಯರ್ ಒಳಗೆ ಧೂಳಿರ್ಬೇಕು.”

“ಒರೆಸ್ದೆ. ಪಕ್ಕದ್ಮನೇಲೂ ಹಾಕ್ದೆ. ಅಲ್ಲೂ ಅದೇ ಜಾಗ. ಧೂಳಿಗೂ ನನ್ ಮೇಲೇ ಹಗೆನಾ?”

“ಹಂಗಾದ್ರೆ ಡಿವಿಡಿಗೆ ಬದಲಾಯಿಸುವಾಗ ಫೈಲ್ ಕೆಟ್ಟಿರುತ್ತೆ.”

“ನನ್ ಮೈದುನನ ಭಾಷಣ ಕೆಟ್ಟಿಲ್ಲವಲ್ಲ? ಆಸ್ಪತ್ರೆ ಕಡೆ ತಲೆ ಹಾಕದವನು ಅತ್ತಿದ್ದು ಎಷ್ಟು ಚೆನ್ನಾಗಿ ಬಂದಿದೆ!”

ಒಪೊಕು ತಲೆ ತಗ್ಗಿಸಿದ.

“ಎಲ್ಲಾ ಒಂದೇ ಡಿಸ್ಕಿಗೆ ಹಿಡಿಸು ಅಂದ್ರಮ್ಮಾ. ಜಾಗ ಸಾಲ್ಲಿಲ್ಲ. ನಿಮ್ದನ್ನ ಕತ್ತರಿಸು ಅಂದ್ರು.”

“ಯಾರು?”

“ನಿಮ್ಮ ಯಜಮಾನ್ರ ತಾಯಿ ಕಡೆಯವರು. ನಮ್ಮಲ್ಲಿ ಹಕ್ಕು ತಾಯಿ ಕುಲದ್ದೇ ತಾನೇ. ಹೆಣ ನಮ್ದು, ಸಂಸ್ಕಾರ ನಮ್ದು, ಹೆಂಡ್ತಿ ಹೊರಗಿನವಳು ಅಂದ್ರು.”

“ಅದು ನಮ್ಮ ಮದುವೆ ಹಾಡು ಕಣೋ. ಕೊನೇ ಸಲ ನಮ್ಮ ಯಜಮಾನ್ರಿಗೆ ಹೇಳಿದ್ದು. ಪೂರ್ತಿ ಫೈಲ್ ಇದೆ ತಾನೇ?”

“ಅಳಿಸ್ಬಿಟ್ಟೆ. ಬೇರೆ ಮದುವೆ ವಿಡಿಯೊಗೆ ಜಾಗ ಬೇಕಿತ್ತು.”

“ಎಲ್ಲರಿಗೂ ಜಾಗ ಬೇಕಿತ್ತು, ಬಿಡು.”

ಇಂಥ ಹೊತ್ತಿಗೆ ಹೊಡೆಯುವ ಡೈಲಾಗುಗಳು ಕ್ವಾಜೊನ ಬಾಯಲ್ಲಿ ಹತ್ತಾರಿದ್ದವು. ಅವನು ಸಾಲಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ಜಾಗ ಬಿಟ್ಟ.

ಬಸ್ ಬಂತು. ಅಫುವಾ ಡಿಸ್ಕನ್ನು ಒಪೊಕುವಿನ ಕೈಗಿಟ್ಟಳು.

“ಆ ತಾಯಿ ಕಡೆಯವರಿಗೇ ಕೊಡು. ಏನೂ ಕೆಟ್ಟಿಲ್ಲ ಅನ್ನು. ಅವರು ಹೇಳಿದ ಹಂಗೇ ಓಡ್ತಿದೆ.”

ಅವಳು ಬಸ್ ಹತ್ತಿ, ಈ ಕಡೆ ತಿರುಗದೆ ಕೂತಳು.