ಏನಾಗಬೇಕು?

ಹೊಸ ಆರೋಗ್ಯ ವಿಮೆಯ ಕಾರ್ಡು ಮಾಡಿಕೊಡುವ ಕಚೇರಿಯಲ್ಲಿ ಫ್ಯಾನು ತೂಕಡಿಸುತ್ತ ತಿರುಗುತ್ತಿತ್ತು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ಬೆಂಚಿನ ಮೇಲೇ ಮಲಗಿಬಿಟ್ಟಿತ್ತು. ಟೋಕನ್ ಹಿಡಿದು ಕೂತಿದ್ದ ದರ್ಜಿಯೊಬ್ಬನಿಗೆ ಕಣ್ಣು ಎಳೆಯುತ್ತಿತ್ತು. ಪಕ್ಕದಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ಕೂತ ಇಬ್ಬರು ವಯಸ್ಸಾದ ಹೆಂಗಸರ ಮಾತು ಅವನಿಗೆ ತನ್ನ ನಿದ್ದೆಯೊಳಗಿಂದಲೇ ಬಂದ ಹಾಗೆ ಕೇಳಿಸುತ್ತಿತ್ತು.

“ಅಕ್ಕಾ, ಒಂದು ಕನಸು ಬಿತ್ತು.”

“ಈ ಹೊತ್ತಲ್ಲಿ ಎಂಥ ಕನಸೇ?”

“ನನ್ನ ಹೃದಯದ ಆಪರೇಷನ್ನು. ಬಾಗಿಲಲ್ಲಿ ನೀನು ನಿಂತಿದ್ದೆ. ‘ಇವಳು ನಿಮಗೇನಾಗಬೇಕು’ ಅಂತ ಯಾರೋ ಕೇಳಿದ್ರು.”

“ನಾನೇನಂದೆ?”

“ಅಷ್ಟರಲ್ಲಿ ಎಚ್ಚರ ಆಯ್ತು.”

“ಓರಗಿತ್ತಿ ಅಂದಿರ್ತೀನಿ ಬಿಡು.”

“ಆ ಮಾತೇ ಕಂಪ್ಯೂಟರಲ್ಲಿ ಇಲ್ವಂತೆ. ಹಳೇ ಕಾರ್ಡಿಗೆ ನಮ್ಮ ರಾಜ್ಯದೋರು ಕೈಯಲ್ಲೇ ಬರ್ಕೊಂಡಿದ್ರು. ಈಗ ಇಡೀ ದೇಶಕ್ಕೆ ಒಂದೇ ಪಟ್ಟಿ. ಅದರಲ್ಲಿ ಸಂಬಂಧ ಸಿಗದಿದ್ರೆ ನಿನ್ನ ಕಾರ್ಡಿಗೆ ನನ್ನ ಹೆಸರು ಸೇರಲ್ಲ, ಹೆಸರಿಲ್ಲದಿದ್ರೆ ಆಪರೇಷನ್ನಿಲ್ಲ.”

“ಪಟ್ಟಿ ಮಾಡಿದೋರ ಮನೇಲಿ ಓರಗಿತ್ತೀರೇ ಇರ್ಲಿಲ್ವೇನೋ.”

“ಇದ್ರೂ ಮಾತು ಬಿಟ್ಟಿರ್ಬೇಕು.”

ಬೆಂಚು ಅಲುಗುವಷ್ಟು ನಕ್ಕರು. ಕಿರಿಯವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಗಂಡಂದಿರು ಹೋಗಿ ಹನ್ನೆರಡು ವರ್ಷ ಆಯ್ತು. ಇನ್ನೂ ನಾವು ಓರಗಿತ್ತೀರೇನಕ್ಕಾ?”

“ಇಬ್ಬರಿಗೂ ಇರೋದು ಒಂದೇ ಬೀಗದ ಕೈ. ಅದೇನಂತಾರೋ ನಂಗೆ ಗೊತ್ತಿಲ್ಲ.”

ಅವರ ನಂಬರು ಕೂಗಿದರು. ಇಬ್ಬರೂ ಕೈ ಹಿಡಿದುಕೊಂಡೇ ಎದ್ದು ಹೋದರು. ಕೌಂಟರಿನ ಹುಡುಗಿ ಪರದೆಯಿಂದ ಕಣ್ಣೆತ್ತದೆ, ಕಿರಿಯವಳ ಕಡೆ ಪೆನ್ನು ತೋರಿಸಿ ಕೇಳಿದಳು.

“ಇವರು ನಿಮಗೇನಾಗಬೇಕು?”

“ಗುಣ ಆಗಬೇಕು ಕಣಮ್ಮಾ,” ಅಂದಳು ಹಿರಿಯವಳು.