ಅಗ್ಡಾಳ ಎರಡನೇ ಕಡ್ಡಿ

...ಹದಿನೈದೇ ನಿಮಿಷ ಕಣೋ ಲೈಲ್, ಹದಿನೈದು! ಮೂಗಿಗೆ ಕಡ್ಡಿ ಹಾಕು, ಕಾರ್ಡಿನ ಮೇಲೆ ಹನಿ ಬಿಡು, ಒಂದೇ ಗೆರೆ ಬಂತಾ, ಫ್ಲೂ ಇಲ್ಲ. ನಿಮ್ಮ ಲ್ಯಾಬಿಗೆ ಎರಡು ದಿನ ಬೇಕು. ಅಷ್ಟರಲ್ಲಿ ರೋಗಿ ವಾಸಿಯಾಗಿ ಬಿಂಗೋನೂ ಗೆದ್ದಿರ್ತಾಳೆ.

ಯಾಕೆ ನಗ್ತೀಯ? ಮೂವತ್ತೊಂದು ವರ್ಷದಿಂದ ಈ ವೃದ್ಧಾಶ್ರಮದ ನರ್ಸು ನಾನು. ನೀನು ಚಡ್ಡೀಲಿ ಉಚ್ಚೆ ಹೊಯ್ಕೋತಿದ್ದಾಗಿಂದ... ಈಗ ಯಂತ್ರದ ಗುಂಡಿ ಒತ್ತೋ ಕೆಲಸ ಸಿಕ್ತು ಅಂತ ಗುರುವಿಗೇ ತಿರುಮಂತ್ರ.

ಗೊತ್ತಪ್ಪಾ, ಗೊತ್ತು. ಕಾರ್ಡು ಫ್ಲೂ ಇದೆ ಅಂದ್ರೆ ನಂಬು, ಇಲ್ಲ ಅಂದ್ರೆ ನಂಬಬೇಡ, ಎರಡನೇ ಕಡ್ಡಿ ಟ್ಯೂಬಲ್ಲಿ ಹಾಕಿ ಲ್ಯಾಬಿಗೆ ಕಳಿಸು, ಉತ್ತರ ಬರೋತನಕ ರೋಗೀನ ರೂಮಿಂದ ಹೊರಗೆ ಬಿಡಬೇಡ. ಆ ನಿಯಮದ ಚೀಟಿ ಗೋಡೆಗೆ ಅಂಟಿಸಿದ್ದೇ ನಾನು. ಸೋಮವಾರ ನಮ್ಮ ಅಗ್ಡಾ ಅಜ್ಜಿ ಕೆಮ್ಮಿದ್ಲು, ಕಾರ್ಡು ಇಲ್ಲ ಅಂತು, ಟ್ಯೂಬ್ ಕಳಿಸ್ದೆ. ಕಳೆದ್ಹಾಕಿದ್ದು ನೀವು. ಈಗ ಅವಳ ಜೊತೆ ಊಟಕ್ಕೆ ಕೂತಿದ್ದ ಆರು ಜನ ಮಲಗಿದಾರೆ, ಅವಳು ಆಸ್ಪತ್ರೇಲಿದಾಳೆ, ಎಲ್ಲಾರಿಗೂ ಫ್ಲೂ ಅಂತ ನಿಮ್ಮ ಯಂತ್ರ ಹೇಳ್ತು. ಸೋಮವಾರದ ಟ್ಯೂಬ್ ಎಲ್ಲಿ ಅಂತ ನನ್ನ ಕೇಳೋಕೆ ಬಂದಿದ್ದೀಯ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ.

ಏನು ನೋಡ್ತಿದ್ದೀಯ? ಆ ಫ್ರಿಜ್ಜಲ್ಲಿ ನನ್ನ ಹಾಟ್‌ಡಿಶ್ ಇದೆ, ಅಷ್ಟೆ. ಆಲೂಗಡ್ಡೆ, ಮಾಂಸ. ಬಿಸಿ ಮಾಡ್ಕೊಡ್ಲಾ? ಅದನ್ನ ಯಾಕೆ ಸರಿಸ್ತೀಯ... ಲೈಲ್, ಮುಚ್ಚು ಅಂದೆ.

...

ಬಾಯಿ ಬಿಟ್ಟು ಬೈದುಬಿಡೋ. ಆ ಟ್ಯೂಬ್ ಹಿಡ್ಕೊಂಡು ಹಾಗೆ ನಿಂತ್ಕೋಬೇಡ.

ಹೆಸರು ಬರೆದೆ, ತಾರೀಕು ಹಾಕ್ದೆ. ಕಳಿಸೋಕೆ ಕೈ ಬರ್ಲಿಲ್ಲ. ಸೋಮವಾರ ಅವಳಿಗೆ ತೊಂಬತ್ತು ತುಂಬ್ತು ಕಣೋ. ಮಗಳು, ಮೊಮ್ಮಕ್ಕಳು ಫಾರ್ಗೊದಿಂದ ಆ ಹಿಮದಲ್ಲಿ ಕಾರು ಓಡಿಸ್ಕೊಂಡು ಬಂದಿದ್ರು. ಬೆಳಗಿನಿಂದ ನೀಲಿ ಸ್ವೆಟರ್ ಹಾಕ್ಕೊಂಡು ಕೂತಿದ್ಲು. ಕಳಿಸಿದ್ರೆ ರೂಮಲ್ಲೇ ಕೂಡಿಹಾಕ್ಬೇಕಿತ್ತು. "ವರ್ನಾ, ಇವತ್ತೊಂದು ದಿನ ಬಿಡು" ಅಂತ ನನ್ನ ಕೇಳ್ಕೊಂಡ್ಲು.

ಕಾರ್ಡಿನ ಪರೀಕ್ಷೆಗೂ ನಾನು ಕಡ್ಡೀನ ಸರಿಯಾಗಿ ಒಳಗೆ ಹಾಕ್ಲಿಲ್ಲ. ಮೂಗಿನ ತುದಿಗೆ ಮುಟ್ಟಿಸ್ದೆ. ಒಂದೇ ಗೆರೆ ಬರಲಿ ಅಂತ.

ಈಗ ಹೇಗಿದಾಳೆ? ನೀನು ಆಸ್ಪತ್ರೆ ಕಡೆಯಿಂದ್ಲೇ ತಾನೇ ಬಂದಿದ್ದು... ಲೈಲ್, ಅಗ್ಡಾ ಹೇಗಿದಾಳೆ?