ಬೀರುವಿನಲ್ಲಿಟ್ಟ ಕ್ಯಾಮೆರಾ

ಪಾಸ್‌ಪೋರ್ಟ್ ಫೋಟೋಗೆಂದು ಸ್ಟುಡಿಯೋದಲ್ಲಿ ಕಾದು ಕೂತಿದ್ದ ಮೇಷ್ಟ್ರ ಕಿವಿಗೆ ಬಿದ್ದ ಮಾತಿದು. ಒಬ್ಬ ಅಕ್ಕ, ಅವಳ ತಮ್ಮ ಸೇರಿ, ತೀರಿಹೋದ ಅಪ್ಪನ ಹಳೇ ಕ್ಯಾಮೆರಾ, ಲೆನ್ಸುಗಳನ್ನು ಮಾರಲು ತಂದಿದ್ದರು. ಸ್ಟುಡಿಯೋದವನು ಲೆನ್ಸುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

“ಎಲ್ಲದರೊಳಗೂ ಬೂಷ್ಟು ಹಿಡಿದಿದೆಯಮ್ಮ. ಯಾರೂ ಕೊಳ್ಳಲ್ಲ.”

“ವಾರವಾರ ಒರೆಸಿ, ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿದ್ದೆನಲ್ಲಾ!” ಅಂದಳು ಅಕ್ಕ.

“ಹೊರಗೆ ಒರೆಸಿದ್ದೀರಿ. ಬೀರುವಿನಲ್ಲಿ ಮುಚ್ಚಿಟ್ರೆ ಬೂಷ್ಟು ಒಳಗೊಳಗೇ ಗಾಜನ್ನ ತಿನ್ನುತ್ತೆ. ಬಳಸ್ತಾ ಇದ್ದಿದ್ರೆ ಉಳೀತಿತ್ತು.”

“ನನ್ನ ಮದುವೆಗೆ ಕೇಳಿದಾಗ್ಲೂ ನೀನು ಕೊಡಲಿಲ್ಲ,” ಅಂದ ತಮ್ಮ.

“ಹಾಳಾಗುತ್ತೆ ಅಂತ ಕಣೋ.”

“ಇದನ್ನ ಮಾರಿದ್ರೆ ಬರೋ ದುಡ್ಡನ್ನೇ ನಂಬ್ಕೊಂಡು ಅಮ್ಮನ ಆಪರೇಷನ್‌ಗೆ ಹೂಂ ಅಂದುಬಿಟ್ವಲ್ಲ.”

ಅಕ್ಕ ಎಲ್ಲವನ್ನೂ ಮತ್ತೆ ಚೀಲಕ್ಕೆ ತುಂಬಿದಳು. ತಮ್ಮ ಚೀಲವನ್ನು ಹೆಗಲಿಗೇರಿಸಿಕೊಂಡು ಬಾಗಿಲು ತಳ್ಳಿದ.

“ನಿಧಾನ, ತಾಗೀತು,” ಅನ್ನುತ್ತಾ ಅವಳು ಚೀಲದ ಕೆಳಗೆ ಕೈಯೊಡ್ಡಿ ಅವನ ಹಿಂದೆಯೇ ಹೋದಳು.